ದೊಡ್ಡ ದೇಶದ ಪಕ್ಕ ಸಣ್ಣ ದೇಶ: ಫಿನ್‌ಲ್ಯಾಂಡ್ ಮುಂದಿದ್ದ ಐದು ದಾರಿಗಳಲ್ಲಿ ಯಾವುದು ಯಾವಾಗ ಸರಿ?

ಯುಕ್ರೇನ್ ಯುದ್ಧದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಫಿನ್‌ಲ್ಯಾಂಡ್ ಹೆಸರು ತೆಗೆಯುತ್ತಾರೆ. ಫಿನ್‌ಲ್ಯಾಂಡ್ ಥರ ರಷ್ಯಾವನ್ನು ಕೆಣಕದೆ ತಟಸ್ಥವಾಗಿ ಇದ್ದುಬಿಡಬಹುದಿತ್ತಲ್ವಾ ಅಂತ ಕೆಲವರು. ಕೊನೆಗೆ ಫಿನ್‌ಲ್ಯಾಂಡೇ ಅಮೆರಿಕ ಮುಂದಾಳತ್ವದ ಸೇನಾ ಕೂಟ ನ್ಯಾಟೊ ಸೇರಿತು ನೋಡಿ, ಮೊದಲೇ ಸೇರಬೇಕಿತ್ತು ಅಂತ ಇನ್ನು ಕೆಲವರು. ಎರಡೂ ಅರ್ಧ ಕಥೆ.

ಫಿನ್‌ಲ್ಯಾಂಡ್ 1809ರಿಂದ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. 1917ರ ಡಿಸೆಂಬರ್ 6ರಂದು ಸ್ವತಂತ್ರವಾಯಿತು. ಅಲ್ಲಿಂದ ಈಚೆಗೆ ಅದು ನಾಲ್ಕು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಉಳಿದ ಇನ್ನೊಂದು ದಾರಿ ಹಿಡಿದ ಪಕ್ಕದ ಮೂರು ದೇಶಗಳಿಗೆ ಏನಾಯಿತು ಎಂಬುದನ್ನೂ ಹತ್ತಿರದಿಂದ ಕಂಡಿದೆ. ಅದೇ ದೇಶ, ಅದೇ ನೆರೆಹೊರೆ. ಈಗ ಇಬ್ಬರ ನಡುವಿನ ಗಡಿ ಸುಮಾರು 1,340 ಕಿ.ಮೀ., ಫಿನ್‌ಲ್ಯಾಂಡ್ ಜನಸಂಖ್ಯೆ ಸುಮಾರು 56 ಲಕ್ಷ. ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೋಲಿಸುವಾಗ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಕೆಟ್ಟ ದಿನ ಬಂದಾಗ ಜೊತೆಗೆ ಯಾರು ನಿಲ್ಲುತ್ತಾರೆ? ಮಾಮೂಲಿ ದಿನಗಳಲ್ಲಿ ಏನು ಬೆಲೆ ತೆರಬೇಕು? ದೇಶದೊಳಗಿನ ತೀರ್ಮಾನ ಯಾರ ಕೈಯಲ್ಲಿ ಉಳಿಯುತ್ತದೆ? ಮುಂದೆ ಕಾಲ ಬದಲಾದರೆ ಈ ದಾರಿಯಿಂದ ಆಚೆ ಬರಲು ಆಗುತ್ತದಾ? ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಕಡಿಮೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಮೊದಲ ಮೂರಕ್ಕೆ ಇವತ್ತು ಸಿಕ್ಕ ಉತ್ತರ ಇಪ್ಪತ್ತು ವರ್ಷದ ನಂತರ ಬದಲಾಗಬಹುದು.

ಒಂದು: ಒಪ್ಪಂದ ನಂಬಿಕೊಂಡು ತಟಸ್ಥವಾಗಿರುವುದು

1920ರ ಟಾರ್ಟು ಶಾಂತಿ ಒಪ್ಪಂದದಲ್ಲಿ ಸೋವಿಯತ್ ರಷ್ಯಾ ಮತ್ತು ಫಿನ್‌ಲ್ಯಾಂಡ್ ಗಡಿ ಗುರುತಿಸಿಕೊಂಡವು. 1932ರಲ್ಲಿ ಎರಡೂ ದೇಶ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದವು. 1934ರಲ್ಲಿ ಅದನ್ನು 1945ರ ತನಕ ಮುಂದುವರಿಸಿದವು. ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘಕ್ಕೆ ಫಿನ್‌ಲ್ಯಾಂಡ್ ಸದಸ್ಯ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಥರ ತಾನೂ ತಟಸ್ಥ ಎಂದು ಹೇಳಿಕೊಂಡಿತ್ತು. ಕಾಗದದ ಮೇಲೆ ಯಾವುದಕ್ಕೂ ಕೊರತೆ ಇರಲಿಲ್ಲ.

1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡವು. ಫಿನ್‌ಲ್ಯಾಂಡ್ ಸೋವಿಯತ್ ಪಾಲಿಗೆ ಬಿತ್ತು. ನವೆಂಬರ್ 26ರಂದು ಮೈನಿಲಾ ಎಂಬ ಗಡಿ ಹಳ್ಳಿಯ ಮೇಲೆ ಫಿನ್ನರು ಶೆಲ್ ಹಾರಿಸಿದರು ಎಂದು ಮಾಸ್ಕೊ ಆರೋಪಿಸಿತು. ಎರಡು ದಿನ ಬಿಟ್ಟು ಅನಾಕ್ರಮಣ ಒಪ್ಪಂದ ರದ್ದು ಮಾಡಿತು. ಮತ್ತೆರಡು ದಿನಕ್ಕೆ, ನವೆಂಬರ್ 30ರಂದು, ಹೆಲ್ಸಿಂಕಿ ಮೇಲೆ ಬಾಂಬ್ ಬಿತ್ತು. ರಾಷ್ಟ್ರಸಂಘ ಸೋವಿಯತ್ ಒಕ್ಕೂಟವನ್ನು ಹೊರಗೆ ಹಾಕಿತು. ಯುದ್ಧ ನಿಲ್ಲಿಸಲು ಅದರಿಂದ ಆಗಲಿಲ್ಲ.

105 ದಿನ ಫಿನ್‌ಲ್ಯಾಂಡ್ ಬಹುಮಟ್ಟಿಗೆ ಒಂಟಿಯಾಗಿ ಹೋರಾಡಿತು. ಸ್ವೀಡನ್‌ನಿಂದ ಸ್ವಯಂಸೇವಕರು ಬಂದರು, ಆಯುಧ ಬಂತು, ಸರ್ಕಾರದ ಸೇನೆ ಬರಲಿಲ್ಲ. 1940ರ ಮಾರ್ಚ್‌ನ ಶಾಂತಿ ಒಪ್ಪಂದದಲ್ಲಿ ದೇಶದ ಸುಮಾರು ಹತ್ತನೇ ಒಂದು ಭಾಗ ನೆಲ ಹೋಯಿತು, ಅದರಲ್ಲಿ ವೀಪುರಿಯಂಥ ದೊಡ್ಡ ನಗರವೂ ಸೇರಿತ್ತು. ಗಡಿ ಪ್ರದೇಶವಾದ ಕರೇಲಿಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಪಶ್ಚಿಮಕ್ಕೆ ಬಂದರು. ಸುಮಾರು 25,000 ಸೈನಿಕರು ಸತ್ತರು.

ಈ ದಾರಿಯಲ್ಲಿ ದಿನನಿತ್ಯದ ಖರ್ಚು ಕಡಿಮೆ, ಸ್ವಾತಂತ್ರ್ಯ ಪೂರ್ತಿ, ಯಾವಾಗ ಬೇಕಾದರೂ ಆಚೆ ಬರಬಹುದು. ಕೆಟ್ಟ ದಿನ ಬಂದಾಗ ಮಾತ್ರ ಯಾರೂ ಇಲ್ಲ. ತಟಸ್ಥತೆ ಕೆಲಸ ಮಾಡಬೇಕಾದರೆ ಒಂದೋ ಭೂಗೋಳ ಸಹಾಯ ಮಾಡಬೇಕು, ಇಲ್ಲವೇ ಆಯುಧ ದಂಡಿಯಾಗಿರಬೇಕು. ಸ್ವೀಡನ್‌ಗೆ ಎರಡೂ ಇದ್ದವು. ರಷ್ಯಾಕ್ಕೂ ಅದಕ್ಕೂ ನಡುವೆ ಸಮುದ್ರ, ಉತ್ತರದಲ್ಲಿ ಫಿನ್‌ಲ್ಯಾಂಡ್. ಯುದ್ಧವಿಮಾನ ತಾನೇ ತಯಾರಿಸುವ ಶಕ್ತಿ ಬೇರೆ. ಅಷ್ಟಾದರೂ ಶೀತಲ ಸಮರದ ಉದ್ದಕ್ಕೂ ಅದು ಒಳಗೊಳಗೇ ಪಶ್ಚಿಮದ ಸೇನೆಗಳ ಜೊತೆ ಸಂಪರ್ಕ ಇಟ್ಟುಕೊಂಡಿತ್ತು.

ಎರಡು: ಕೇಳಿದ್ದನ್ನು ಕೊಟ್ಟು ಸಮಾಧಾನ ಮಾಡುವುದು

ಆ ಯುದ್ಧಕ್ಕೆ ಮೊದಲು, 1939ರ ಅಕ್ಟೋಬರ್‌ನಲ್ಲಿ, ಫಿನ್‌ಲ್ಯಾಂಡ್‌ಗೆ ಮಾಸ್ಕೊದಿಂದ ಮಾತುಕತೆಗೆ ಕರೆ ಬಂದಿತ್ತು. ಲೆನಿನ್‌ಗ್ರಾಡ್ ನಗರ ಗಡಿಯಿಂದ ಬರೀ 30 ಕಿ.ಮೀ. ಆಸುಪಾಸಿನಲ್ಲಿದೆ, ಗಡಿಯನ್ನು ಹಿಂದಕ್ಕೆ ಸರಿಸಿ ಎಂದು ಸ್ಟಾಲಿನ್ ಕೇಳಿದರು. ಫಿನ್‌ಲ್ಯಾಂಡ್ ಕೊಲ್ಲಿಯ ಕೆಲವು ದ್ವೀಪ ಬೇಕು, ದಕ್ಷಿಣ ಕರಾವಳಿಯ ಹಾಂಕೊದಲ್ಲಿ 30 ವರ್ಷಕ್ಕೆ ಸೇನಾನೆಲೆ ಬೇಕು ಅಂದರು. ಬದಲಿಗೆ ಪೂರ್ವ ಕರೇಲಿಯಾದಲ್ಲಿ ಅದಕ್ಕಿಂತ ದೊಡ್ಡ ನೆಲ ಕೊಡುವುದಾಗಿ ಹೇಳಿದರು. ನಿಯೋಗದ ಮುಖ್ಯಸ್ಥ ಯುಹೊ ಕುಸ್ತಿ ಪಾಸಿಕಿವಿ ಕೊಂಚ ಬಗ್ಗಬೇಕು ಎಂಬ ಅಭಿಪ್ರಾಯದವರು. ಸೇನೆಯ ಹಿರಿಯ ನಾಯಕ ಮಾನ್ನರ್‌ಹೈಮ್ ಕೂಡ ಹಾಗೇ ಯೋಚಿಸಿದರು. ಸರ್ಕಾರ ಒಪ್ಪಲಿಲ್ಲ.

ಒಪ್ಪಿದ್ದರೆ ಏನಾಗುತ್ತಿತ್ತು? ಉತ್ತರ ಕೊಲ್ಲಿಯ ಆಚೆ ದಡದಲ್ಲಿದೆ. ಎಸ್ಟೋನಿಯಾ 1939ರ ಸೆಪ್ಟೆಂಬರ್ 28ರಂದು ಸೋವಿಯತ್ ನೆಲೆಗಳಿಗೆ ಒಪ್ಪಿತು. ಲಾಟ್ವಿಯಾ, ಲಿಥುವೇನಿಯಾ ಹಿಂದೆಯೇ ಒಪ್ಪಿದವು. ಎಸ್ಟೋನಿಯಾದ ಒಪ್ಪಂದದ ಪ್ರಕಾರ 25,000 ಸೋವಿಯತ್ ಸೈನಿಕರು ಒಳಗೆ ಬಂದರು. ಎಸ್ಟೋನಿಯಾದ ಸೇನೆಯೇ ಅಷ್ಟಿರಲಿಲ್ಲ. ಚಳಿಗಾಲದಲ್ಲಿ ಅದೇ ನೆಲೆಗಳಿಂದ ಹಾರಿದ ವಿಮಾನಗಳು ಫಿನ್‌ಲ್ಯಾಂಡ್ ಮೇಲೆ ಬಾಂಬ್ ಹಾಕಿದವು. 1940ರ ಜೂನ್‌ನಲ್ಲಿ ಮೂರೂ ದೇಶಗಳನ್ನು ಸೋವಿಯತ್ ಸೇನೆ ಪೂರ್ತಿ ವಶಪಡಿಸಿಕೊಂಡಿತು. ಆಗಸ್ಟ್‌ನಲ್ಲಿ ಅವು ಸೋವಿಯತ್ ಗಣರಾಜ್ಯಗಳಾದವು. ಎಸ್ಟೋನಿಯಾದ ಅಧ್ಯಕ್ಷ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಅವರನ್ನು ಸೋವಿಯತ್ ಒಳನಾಡಿಗೆ ಸಾಗಿಸಿದರು. ಅವರು 1956ರಲ್ಲಿ ಅಲ್ಲೇ ತೀರಿಕೊಂಡರು. ಆ ದೇಶಗಳಿಗೆ ಮತ್ತೆ ಸ್ವಾತಂತ್ರ್ಯ ಬರಲು 1991ರ ತನಕ ಕಾಯಬೇಕಾಯಿತು.

ಈ ದಾರಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೆಲ ಬಿಟ್ಟುಕೊಟ್ಟ ದೇಶ ಮತ್ತೆ ಚೇತರಿಸಿಕೊಂಡದ್ದುಂಟು. ಬೇರೆಯವರ ಸೇನೆಯನ್ನು ಒಳಗೆ ಬಿಟ್ಟುಕೊಂಡ ಮೇಲೆ ಮುಂದಿನ ತೀರ್ಮಾನ ನಮ್ಮ ಕೈಯಲ್ಲಿ ಇರುವುದಿಲ್ಲ. ಆಚೆ ಬರುವ ಬಾಗಿಲೇ ಮುಚ್ಚಿಹೋಗುತ್ತದೆ.

ಮೂರು: ಇನ್ನೊಂದು ದೊಡ್ಡ ಶಕ್ತಿಯ ಬೆನ್ನು ಹತ್ತುವುದು

1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿದ್ದಾಗ ಫಿನ್‌ಲ್ಯಾಂಡ್ ಕೂಡ ಅದರ ಜೊತೆಯಲ್ಲಿ ಯುದ್ಧಕ್ಕೆ ಇಳಿಯಿತು. ಕಳೆದುಕೊಂಡ ನೆಲ ವಾಪಸ್ ಬಂತು. ಸೇನೆ ಅಲ್ಲಿಗೇ ನಿಲ್ಲಲಿಲ್ಲ, ಹಳೆಯ ಗಡಿ ದಾಟಿ ಪೂರ್ವ ಕರೇಲಿಯಾಕ್ಕೂ ನುಗ್ಗಿತು. ಅಲ್ಲಿನ ರಷ್ಯನ್ ನಾಗರಿಕರನ್ನು ಕೂಡಿಹಾಕಿದ ಶಿಬಿರಗಳಲ್ಲಿ ಸಾವಿರಾರು ಜನ ಹಸಿವು, ಕಾಯಿಲೆಯಿಂದ ಸತ್ತರು. ಫಿನ್‌ಲ್ಯಾಂಡ್ ಕಥೆಯನ್ನು ಬರೀ ಶೌರ್ಯದ ಕಥೆಯಾಗಿ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. 1941ರ ಡಿಸೆಂಬರ್ 6ರಂದು, ಅವರ ಸ್ವಾತಂತ್ರ್ಯ ದಿನದಂದೇ, ಬ್ರಿಟನ್ ಫಿನ್‌ಲ್ಯಾಂಡ್ ವಿರುದ್ಧ ಯುದ್ಧ ಸಾರಿತು.

ಇಲ್ಲಿ ಒಂದು ಘಟನೆಯನ್ನು ಹತ್ತಿರದಿಂದ ನೋಡಬೇಕು. 1944ರ ಜೂನ್‌ನಲ್ಲಿ ಸೋವಿಯತ್ ಸೇನೆ ಭಾರೀ ದಾಳಿ ಮಾಡಿ ವೀಪುರಿಯನ್ನು ಮತ್ತೆ ಹಿಡಿಯಿತು. ಫಿನ್‌ಲ್ಯಾಂಡ್‌ಗೆ ಟ್ಯಾಂಕ್ ಹೊಡೆಯುವ ಆಯುಧ ತುರ್ತಾಗಿ ಬೇಕಿತ್ತು. ಕೊಡುತ್ತೇವೆ, ಆದರೆ ನಮ್ಮನ್ನು ಬಿಟ್ಟು ಮಾಸ್ಕೊ ಜೊತೆ ಸಂಧಿ ಮಾಡಿಕೊಳ್ಳುವುದಿಲ್ಲ ಎಂದು ಬರೆದುಕೊಡಿ ಅಂತ ಜರ್ಮನಿ ಪಟ್ಟು ಹಿಡಿಯಿತು. ಅಧ್ಯಕ್ಷ ರಿಸ್ಟೊ ರಿಟಿ ಜೂನ್ 26ರಂದು ಸಂಸತ್ತಿನ ಮುಂದೆ ಇಡದೆ, ತಮ್ಮ ಸ್ವಂತ ಹೆಸರಿನಲ್ಲಿ ಪತ್ರ ಬರೆದುಕೊಟ್ಟರು. ಆಯುಧ ಬಂತು, ಮುಂಚೂಣಿ ನಿಂತಿತು. ಆಗಸ್ಟ್ ಆರಂಭದಲ್ಲಿ ರಿಟಿ ರಾಜೀನಾಮೆ ಕೊಟ್ಟರು. ಹೊಸ ಅಧ್ಯಕ್ಷ ಮಾನ್ನರ್‌ಹೈಮ್, ಆ ಮಾತು ಕೊಟ್ಟದ್ದು ರಿಟಿ, ಅದು ನನ್ನನ್ನು ಕಟ್ಟಿಹಾಕುವುದಿಲ್ಲ ಎಂದು ಜರ್ಮನ್ನರಿಗೆ ಹೇಳಿಕಳಿಸಿದರು. ಸೆಪ್ಟೆಂಬರ್‌ನಲ್ಲಿ ಕದನವಿರಾಮ ಆಯಿತು.

ಆಚೆ ಬರುವ ಬಾಗಿಲನ್ನು ಅಷ್ಟು ಇಕ್ಕಟ್ಟಿನಲ್ಲೂ ತೆರೆದಿಟ್ಟುಕೊಂಡಿದ್ದರು ಅನ್ನುವುದಕ್ಕೆ ಇದನ್ನು ಹೇಳಿದೆ. ಬೆಲೆ ಮಾತ್ರ ಭಾರೀ. 1940ರ ಗಡಿ ಮತ್ತೆ ಖಾಯಂ ಆಯಿತು. ಉತ್ತರದ ಪೆಟ್ಸಾಮೊ ಕೂಡ ಹೋಯಿತು. ಹೆಲ್ಸಿಂಕಿಯ ಪಕ್ಕದ ಪೊರ್ಕಲಾವನ್ನು 50 ವರ್ಷಕ್ಕೆ ಸೋವಿಯತ್ ನೌಕಾನೆಲೆಗೆ ಗುತ್ತಿಗೆ ಕೊಡಬೇಕಾಯಿತು. 30 ಕೋಟಿ ಡಾಲರ್ ಬೆಲೆಯ ಸರಕನ್ನು ಯುದ್ಧ ಪರಿಹಾರವಾಗಿ ಕಟ್ಟಬೇಕಾಯಿತು. ಜರ್ಮನ್ನರನ್ನು ಓಡಿಸುವ ಹೊಣೆಯೂ ಫಿನ್ನರದೇ. ಹಿಂದೆ ಸರಿಯುತ್ತ ಜರ್ಮನ್ನರು ಲ್ಯಾಪ್‌ಲ್ಯಾಂಡ್ ಸುಟ್ಟುಹಾಕಿದರು, ರೊವಾನಿಯೆಮಿ ಪಟ್ಟಣ ಬೂದಿಯಾಯಿತು. ಪತ್ರ ಬರೆದ ರಿಟಿಗೆ 10 ವರ್ಷ ಸೆರೆವಾಸದ ಶಿಕ್ಷೆ ಆಯಿತು.

ನಾಲ್ಕು: ನೆರೆಯವರ ನಂಬಿಕೆ ಗಳಿಸಿ, ಮನೆಯನ್ನು ತನ್ನದಾಗಿ ಉಳಿಸಿಕೊಳ್ಳುವುದು

ಜನ ಫಿನ್‌ಲ್ಯಾಂಡ್ ಮಾದರಿ ಅಂದಾಗ ಅವರ ತಲೆಯಲ್ಲಿ ಇರುವುದು ಈ ದಾರಿ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಇದರ ಬಗ್ಗೆಯೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1948ರ ಫೆಬ್ರವರಿಯಲ್ಲಿ ಸ್ಟಾಲಿನ್ ಅವರ ಪತ್ರ ಬಂತು. ಹಂಗೇರಿ, ರುಮೇನಿಯಾಗಳ ಜೊತೆ ಮಾಡಿಕೊಂಡಂಥ ಪರಸ್ಪರ ನೆರವಿನ ಒಪ್ಪಂದವನ್ನು ನಾವೂ ಮಾಡಿಕೊಳ್ಳೋಣ ಎಂಬುದು ಅದರ ಸಾರ. ಅದೇ ತಿಂಗಳು ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಕಿತ್ತುಕೊಂಡಿದ್ದರು. ಹೆಲ್ಸಿಂಕಿಯಲ್ಲಿ ಗಾಬರಿ ಹೇಗಿದ್ದಿರಬಹುದು ಊಹಿಸಿ. ಆಗ ಅಧ್ಯಕ್ಷರಾಗಿದ್ದ ಪಾಸಿಕಿವಿ ಇಲ್ಲ ಅನ್ನಲಿಲ್ಲ, ಹೂಂ ಅನ್ನುವುದಕ್ಕೂ ಅವಸರ ಮಾಡಲಿಲ್ಲ. ನಿಯೋಗ ಹೊರಟದ್ದು ಮಾರ್ಚ್ ಕೊನೆಗೆ. ಕೈಯಲ್ಲಿ ತಮ್ಮದೇ ಕರಡು ಇತ್ತು.

ಏಪ್ರಿಲ್ 6ರಂದು ಸಹಿಯಾದ ಒಪ್ಪಂದವನ್ನು ಓದಿದರೆ ಒಂದೊಂದು ಸಾಲಿಗೂ ಎಷ್ಟು ಜಗ್ಗಾಡಿದ್ದಾರೆ ಅನ್ನುವುದು ಕಾಣುತ್ತದೆ. ಜರ್ಮನಿ ಅಥವಾ ಅದರ ಜೊತೆಗಾರ ದೇಶ ಫಿನ್‌ಲ್ಯಾಂಡ್ ಮೇಲೆ ದಾಳಿ ಮಾಡಿದರೆ, ಇಲ್ಲವೇ ಫಿನ್‌ಲ್ಯಾಂಡ್ ಮೂಲಕ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದರೆ, ಆಗ ಮಾತ್ರ ಫಿನ್‌ಲ್ಯಾಂಡ್ ಹೋರಾಡುತ್ತದೆ. ಅದೂ ತನ್ನ ಗಡಿಯೊಳಗೆ ಮಾತ್ರ. ಸೋವಿಯತ್ ನೆರವು ತಾನಾಗಿಯೇ ಬರುವುದಿಲ್ಲ, ಇಬ್ಬರೂ ಮಾತಾಡಿ ಒಪ್ಪಿದರೆ ಉಂಟು. ದೊಡ್ಡ ಶಕ್ತಿಗಳ ಜಗಳದಿಂದ ಹೊರಗಿರುವ ಫಿನ್‌ಲ್ಯಾಂಡ್‌ನ ಆಸೆಯನ್ನು ಪೀಠಿಕೆಯಲ್ಲೇ ಬರೆದಿತ್ತು. ಹಂಗೇರಿ, ರುಮೇನಿಯಾಗಳ ಒಪ್ಪಂದದಲ್ಲಿ ಇಂಥ ಮಿತಿಗಳು ಇರಲಿಲ್ಲ. ಜೊತೆಗೆ ಅಲ್ಲಿ ಸೋವಿಯತ್ ಸೇನೆ ಮೊದಲೇ ಬಂದು ಕೂತಿತ್ತು. ಫಿನ್‌ಲ್ಯಾಂಡ್‌ನಲ್ಲಿ ಪೊರ್ಕಲಾ ಬಿಟ್ಟರೆ ಎಲ್ಲೂ ಇರಲಿಲ್ಲ. ವ್ಯತ್ಯಾಸ ಬಂದದ್ದೇ ಇಲ್ಲಿ. ಅದೇ ವರ್ಷ ಜುಲೈ ಚುನಾವಣೆಯಲ್ಲಿ ಕಮ್ಯುನಿಸ್ಟರು ಹಿನ್ನಡೆ ಕಂಡರು. ಅವರಿಲ್ಲದ ಸರ್ಕಾರ ಬಂತು.

ನಂಬಿಕೆ ಗಳಿಸುವುದು ಅಂದರೆ ಬರೀ ನಗುಮುಖ ತೋರಿಸುವುದಲ್ಲ. ಯುದ್ಧದಲ್ಲಿ ನಲುಗಿದ ಯುರೋಪಿಗೆ ಅಮೆರಿಕ ಕೊಡುತ್ತಿದ್ದ ಮಾರ್ಷಲ್ ಯೋಜನೆಯ ಹಣವನ್ನು ಫಿನ್‌ಲ್ಯಾಂಡ್ ಬೇಡ ಅಂದಿತು. ಯುದ್ಧ ಪರಿಹಾರವನ್ನು ಹಡಗು, ಯಂತ್ರ, ಕೇಬಲ್ ರೂಪದಲ್ಲಿ 1952ಕ್ಕೆ ಕಟ್ಟಿ ಮುಗಿಸಿತು. ಅದಕ್ಕಾಗಿ ಕಟ್ಟಿದ ಕಾರ್ಖಾನೆಗಳೇ ಆಮೇಲೆ ಅದೇ ಸರಕನ್ನು ಸೋವಿಯತ್ ಒಕ್ಕೂಟಕ್ಕೆ ದುಡ್ಡಿಗೆ ಮಾರಿದವು. 1956ರ ಜನವರಿಯಲ್ಲಿ ಪೊರ್ಕಲಾ ವಾಪಸ್ ಬಂತು. 50 ವರ್ಷದ ಗುತ್ತಿಗೆ 12 ವರ್ಷ ಕೂಡ ತುಂಬಿರಲಿಲ್ಲ.

1956ರಿಂದ ಸುಮಾರು 25 ವರ್ಷ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ ಈ ದಾರಿಯ ಎರಡನೆಯ ಹೆಸರು. 1960ರ ಸೆಪ್ಟೆಂಬರ್ 3ಕ್ಕೆ ಅವರಿಗೆ 60 ತುಂಬಿತು. ಸೋವಿಯತ್ ನಾಯಕ ಕ್ರುಶ್ಚೇವ್ ಹುಟ್ಟುಹಬ್ಬಕ್ಕೆ ಹೆಲ್ಸಿಂಕಿಗೆ ಬಂದರು. ಕೆಕ್ಕೊನೆನ್ ಈ ಅತಿಥಿಯನ್ನು ತಮ್ಮ ತಮ್ಮಿನಿಯೆಮಿ ನಿವಾಸದ ಸೌನಾಕ್ಕೆ, ಅಂದರೆ ಬಿಸಿ ಆವಿಯ ಸ್ನಾನದ ಮನೆಗೆ, ಕರೆದುಕೊಂಡು ಹೋದರು. ಮಾತು ಬೆಳಗಿನ ಜಾವದ ತನಕ ನಡೆಯಿತು. ಫಿನ್‌ಲ್ಯಾಂಡ್‌ಗೆ ಆಗ ಬೇಕಿದ್ದದ್ದು ಪಶ್ಚಿಮ ಯುರೋಪಿನ ಮುಕ್ತ ವ್ಯಾಪಾರ ಕೂಟ ಇಎಫ್‌ಟಿಎ ಜೊತೆ ಸಂಬಂಧ. ಅದಿಲ್ಲದಿದ್ದರೆ ಅದರ ಕಾಗದ, ಮರದ ಸರಕಿಗೆ ಸ್ವೀಡನ್ನರ ಎದುರು ಮಾರುಕಟ್ಟೆ ಕಳೆದುಹೋಗುತ್ತಿತ್ತು. ಮಾಸ್ಕೊ ಅಡ್ಡ ಬರಲಿಲ್ಲ. 1961ರಲ್ಲಿ ಒಪ್ಪಂದ ಆಯಿತು. ಸೌನಾ ಸುದ್ದಿಯನ್ನು ಜನ ತಮಾಷೆಗೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ತಾಳ್ಮೆ. ಏನು ಬೇಕು ಎಂಬುದು ಸ್ಪಷ್ಟವಿದ್ದು, ಎದುರಿನವರಿಗೆ ಮುಖಭಂಗ ಆಗದಂತೆ ಅದನ್ನು ಪಡೆಯುವುದು ಸಣ್ಣ ದೇಶಕ್ಕೆ ದೊಡ್ಡ ವಿದ್ಯೆ.

ಎರಡೂ ಕಡೆ ಕಾಲಿಡುವ ಈ ಜಾಣ್ಮೆ ಲೋವೀಸಾದ ಅಣು ವಿದ್ಯುತ್ ಸ್ಥಾವರದಲ್ಲಿ ಕಣ್ಣಿಗೇ ಕಾಣುತ್ತದೆ. ರಿಯಾಕ್ಟರ್ ಸೋವಿಯತ್‌ನದು. ಅದನ್ನು ಮುಚ್ಚುವ ರಕ್ಷಣಾ ಕವಚದ ತಂತ್ರಜ್ಞಾನ ಅಮೆರಿಕದ್ದು, ನಿಯಂತ್ರಣ ವ್ಯವಸ್ಥೆ ಜರ್ಮನಿಯದು. ಸೇನೆಗೆ ಮಾಸ್ಕೊದಿಂದ ಮಿಗ್-21 ಕೊಂಡರು, ಸ್ವೀಡನ್‌ನಿಂದ ಡ್ರಾಕೆನ್ ಯುದ್ಧವಿಮಾನ ಕೊಂಡರು. 1978ರಲ್ಲಿ ಸೋವಿಯತ್ ರಕ್ಷಣಾ ಸಚಿವ ಉಸ್ತಿನೊವ್ ಜಂಟಿ ಸೇನಾ ತಾಲೀಮಿನ ಮಾತೆತ್ತಿದಾಗ ಫಿನ್‌ಲ್ಯಾಂಡ್ ನಯವಾಗಿ ಬೇಡ ಅಂದಿತು. ಗಂಡುಮಕ್ಕಳಿಗೆಲ್ಲ ಕಡ್ಡಾಯ ಸೇನಾ ತರಬೇತಿ ಒಂದು ವರ್ಷವೂ ನಿಲ್ಲಲಿಲ್ಲ.

ಇನ್ನು ಬೆಲೆಯ ಕಡೆ ಬರೋಣ. 1958ರಲ್ಲಿ ಮಾಸ್ಕೊಗೆ ಹಿಡಿಸದ ಸರ್ಕಾರ ಬಂದಾಗ ಸೋವಿಯತ್ ರಾಯಭಾರಿ ಹೇಳದೆ ಕೇಳದೆ ಊರು ಬಿಟ್ಟರು, ವ್ಯಾಪಾರ ಮಾತುಕತೆ ನಿಂತಿತು. ಕೆಲವೇ ತಿಂಗಳಲ್ಲಿ ಸರ್ಕಾರ ಬಿತ್ತು. 1961ರ ಅಕ್ಟೋಬರ್ 30ರಂದು ಮಾಸ್ಕೊ, ಜರ್ಮನಿಯ ಬೆದರಿಕೆ ಇದೆ, ಒಪ್ಪಂದದ ಪ್ರಕಾರ ಸೇನಾ ಸಮಾಲೋಚನೆ ಮಾಡೋಣ ಎಂದು ಪತ್ರ ಕಳಿಸಿತು. ಅಮೆರಿಕ ಪ್ರವಾಸದಲ್ಲಿದ್ದ ಕೆಕ್ಕೊನೆನ್ ಆಗ ಹವಾಯಿಯಲ್ಲಿದ್ದರು. ಆಮೇಲೆ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವ್ ಅವರನ್ನು ಕಂಡು ವಿಷಯ ತಣ್ಣಗೆ ಮಾಡಿದರು. ಅದೇ ಹೊತ್ತಿಗೆ ಅಧ್ಯಕ್ಷ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಒಲಾವಿ ಹೊಂಕಾ ಕಣದಿಂದ ಸರಿದರು. ದೇಶ ಉಳಿಯಿತು, ಚುನಾವಣೆಗೆ ಪೆಟ್ಟು ಬಿತ್ತು. 1973ರಲ್ಲಂತೂ ವಿಶೇಷ ಕಾನೂನು ಮಾಡಿ ಕೆಕ್ಕೊನೆನ್ ಅವಧಿಯನ್ನು ಚುನಾವಣೆಯೇ ಇಲ್ಲದೆ ನಾಲ್ಕು ವರ್ಷ ಮುಂದುವರಿಸಿದರು.

ಆ ಹೊತ್ತಿಗೆ ಜನ ತಾವೇ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದರು. ಪತ್ರಿಕೆಗಳು ಸೋವಿಯತ್ ಬಗ್ಗೆ ಬರೆಯುವಾಗ ಎರಡು ಸಲ ಯೋಚಿಸುತ್ತಿದ್ದವು. ಸೋವಿಯತ್ ಜೈಲುಶಿಬಿರಗಳ ಕುರಿತ ಒಂದು ಹೆಸರಾಂತ ಪುಸ್ತಕದ ಫಿನ್ನಿಷ್ ಅನುವಾದ 1974ರಲ್ಲಿ ಅಚ್ಚಾದದ್ದು ಸ್ವೀಡನ್‌ನಲ್ಲಿ. ಗಡಿ ದಾಟಿ ತಪ್ಪಿಸಿಕೊಂಡು ಬಂದವರನ್ನು ವಾಪಸ್ ಕಳಿಸಿದ್ದೂ ಉಂಟು. ಮೇಲಕ್ಕೇರಬೇಕೆಂದಿದ್ದ ರಾಜಕಾರಣಿಗಳು ಸೋವಿಯತ್ ರಾಯಭಾರ ಕಚೇರಿಯಲ್ಲಿ ಒಬ್ಬ ಖಾಸಾ ಸ್ನೇಹಿತನನ್ನು ಇಟ್ಟುಕೊಳ್ಳುತ್ತಿದ್ದರು. ಆ ಸ್ನೇಹಿತ ಎಷ್ಟೋ ಸಲ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯವನಾಗಿರುತ್ತಿದ್ದ.

ನನ್ನ ತೀರ್ಮಾನ ಹೇಳುತ್ತೇನೆ. 1948ರಲ್ಲಿ ಈ ದಾರಿ ಸರಿ, ಬೇರೆ ದಾರಿಯೇ ಇರಲಿಲ್ಲ. ನ್ಯಾಟೊ ಹುಟ್ಟಿದ್ದೇ 1949ರಲ್ಲಿ. ಹೆಲ್ಸಿಂಕಿ ಪಕ್ಕ ಸೋವಿಯತ್ ನೌಕಾನೆಲೆ ಇದ್ದಾಗ ಅದರ ಕನಸು ಕಾಣುವುದೂ ಆಗದ ಮಾತು. 1970ರ ದಶಕದ ಹೊತ್ತಿಗೆ ಮಾತ್ರ ಎಚ್ಚರ ಹೋಗಿ ಬರೀ ಅಭ್ಯಾಸ ಉಳಿದಿತ್ತು. ಮಾಸ್ಕೊ ಕೇಳುವ ಮೊದಲೇ ಇವರು ಕೊಡತೊಡಗಿದ್ದರು. ಈ ದಾರಿ ಹಿಡಿಯುವ ದೇಶ ಹುಷಾರಾಗಿರಬೇಕಾದದ್ದು ಈ ಜಾಗದಲ್ಲಿ. ಹೊರಗಿನ ಒತ್ತಡ ತಡೆದುಕೊಳ್ಳಬಹುದು. ಒಳಗಿನವರೇ ಪರಸ್ಪರರ ಮೇಲೆ ಮಾಸ್ಕೊ ಕಾರ್ಡ್ ಬಳಸಲು ಶುರು ಮಾಡಿದರೆ ತಡೆಯುವುದು ಕಷ್ಟ.

ಐದು: ಕೂಟಕ್ಕೆ ಸೇರುವುದು

ಇದರಲ್ಲಿ ಎರಡು ಬಗೆ ಇದೆ. ನಾರ್ವೆಯದು ಒಂದು, ಫಿನ್‌ಲ್ಯಾಂಡ್‌ನದು ಇನ್ನೊಂದು.

ನಾರ್ವೆಗೂ ರಷ್ಯಾ ಜೊತೆ ಗಡಿ ಇದೆ, 200 ಕಿ.ಮೀ.ಗೂ ಕೊಂಚ ಕಡಿಮೆ. 1944ರಲ್ಲಿ ಉತ್ತರದ ಕಿರ್ಕೆನೆಸ್ ಪಟ್ಟಣವನ್ನು ಜರ್ಮನ್ನರಿಂದ ಬಿಡಿಸಿದ್ದು ಸೋವಿಯತ್ ಸೇನೆ. ಮರುವರ್ಷ ಆ ಸೇನೆ ವಾಪಸ್ ಹೋಯಿತು. 1949ರಲ್ಲಿ ನಾರ್ವೆ ನ್ಯಾಟೊದ ಸ್ಥಾಪಕ ಸದಸ್ಯ ಆಯಿತು. ಜೊತೆಗೇ ದಾಳಿ ಅಥವಾ ದಾಳಿಯ ಬೆದರಿಕೆ ಇಲ್ಲದ ಹೊರತು ವಿದೇಶಿ ಸೇನಾನೆಲೆಗೆ ಜಾಗ ಕೊಡುವುದಿಲ್ಲ ಎಂದು ಮಾಸ್ಕೊದ ಪ್ರಶ್ನೆಗೆ ಉತ್ತರವಾಗಿ ತಿಳಿಸಿತು. ಅಣ್ವಸ್ತ್ರವನ್ನೂ ದೂರ ಇಟ್ಟಿತು. ಮಾತುಕತೆ ನಿಲ್ಲಿಸಲಿಲ್ಲ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನನ್ನು ಎರಡೂ ದೇಶ 1970ರ ದಶಕದಿಂದ ಜಂಟಿ ಆಯೋಗದ ಮೂಲಕ ಹಂಚಿಕೊಳ್ಳುತ್ತಿವೆ. ಸುಮಾರು 40 ವರ್ಷ ಎಳೆದ ಸಮುದ್ರ ಗಡಿ ವಿವಾದವನ್ನು 2010ರಲ್ಲಿ ಮುರ್ಮಾನ್ಸ್ಕ್‌ನಲ್ಲಿ ಸಹಿ ಹಾಕಿ ಮುಗಿಸಿದವು. ಕೂಟದಲ್ಲಿದ್ದರೆ ನೆರೆಯವರ ಜೊತೆ ಮಾತು ನಿಲ್ಲುತ್ತದೆ ಅನ್ನುವವರಿಗೆ ನಾನು ತೋರಿಸುವ ಉದಾಹರಣೆ ಇದು.

ಫಿನ್‌ಲ್ಯಾಂಡ್ ಮೆಟ್ಟಿಲು ಮೆಟ್ಟಿಲಾಗಿ ಹೋಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಮೊದಲು ಬಿದ್ದದ್ದು ಅದರ ಜೊತೆಗಿನ ವ್ಯಾಪಾರ. ಬ್ಯಾಂಕ್‌ಗಳ ಬಿಕ್ಕಟ್ಟೂ ಸೇರಿ ನಿರುದ್ಯೋಗ ಶೇ 16 ದಾಟಿತು. 1992ರ ಜನವರಿಯಲ್ಲಿ ಹಳೆಯ ಒಪ್ಪಂದದ ಜಾಗಕ್ಕೆ ರಷ್ಯಾ ಜೊತೆ ಮಾಮೂಲಿ ನೆರೆಹೊರೆ ಒಪ್ಪಂದ ಬಂತು. ಎರಡೇ ತಿಂಗಳಲ್ಲಿ ಯುರೋಪಿಯನ್ ಸಮುದಾಯಕ್ಕೆ ಅರ್ಜಿ ಹಾಕಿದರು. 1994ರ ಜನಮತಗಣನೆಯಲ್ಲಿ ಶೇ 57ರಷ್ಟು ಜನ ಒಪ್ಪಿದರು. 1995ರ ಜನವರಿ 1ರಂದು ಸದಸ್ಯತ್ವ ಬಂತು. ನ್ಯಾಟೊ ಮಾತ್ರ ಬೇಡ, ಆದರೆ ಬೇಕೆನಿಸಿದರೆ ಸೇರುವ ಹಕ್ಕು ಉಳಿಸಿಕೊಳ್ಳುತ್ತೇವೆ ಎಂದು ಸರ್ಕಾರಗಳು ಹೇಳುತ್ತ ಬಂದವು. ಅಮೆರಿಕದ ಹಾರ್ನೆಟ್ ವಿಮಾನ ಕೊಂಡರು, ನ್ಯಾಟೊ ಜೊತೆ ತಾಲೀಮು ಮಾಡಿದರು. ಹೊರಗಿದ್ದುಕೊಂಡೇ ಒಳಗೆ ಬರಲು ಬೇಕಾದದ್ದನ್ನೆಲ್ಲ ತಯಾರಿಟ್ಟುಕೊಂಡರು.

2021ರ ಡಿಸೆಂಬರ್‌ನಲ್ಲಿ ರಷ್ಯಾ, ನ್ಯಾಟೊ ಇನ್ನು ಯಾರನ್ನೂ ಸೇರಿಸಿಕೊಳ್ಳಬಾರದು ಎಂದು ಲಿಖಿತವಾಗಿ ಕೇಳಿತು. ಹೆಲ್ಸಿಂಕಿಗೆ ಚುಚ್ಚಿದ್ದು ಇದು. ಮುಂದೆಂದೋ ಬಳಸೋಣ ಎಂದು ಇಟ್ಟುಕೊಂಡ ಹಕ್ಕನ್ನೇ ಬೇರೆಯವರು ಅಳಿಸಹೊರಟಿದ್ದರು. ಅಧ್ಯಕ್ಷ ಸೌಲಿ ನೀನಿಸ್ಟೊ ಹೊಸ ವರ್ಷದ ಭಾಷಣದಲ್ಲಿ ಆ ಹಕ್ಕು ನಮ್ಮದೇ ಎಂದು ಮತ್ತೆ ಹೇಳಿದರು. ಫೆಬ್ರವರಿ 24ರಂದು ಯುಕ್ರೇನ್ ಮೇಲೆ ದಾಳಿ ಆಯಿತು. ವರ್ಷಗಟ್ಟಲೆ ಅಲ್ಪಮತದಲ್ಲೇ ಇದ್ದ ನ್ಯಾಟೊ ಪರ ಅಭಿಪ್ರಾಯ ಕೆಲವೇ ವಾರಗಳಲ್ಲಿ ಬಹುಮತಕ್ಕೇರಿತು. ಅರ್ಜಿ ಹಾಕುವ ಮೊದಲು, ಮೇ 14ರಂದು, ನೀನಿಸ್ಟೊ ತಾವೇ ಪುಟಿನ್‌ಗೆ ಫೋನ್ ಮಾಡಿ ವಿಷಯ ತಿಳಿಸಿದರು. ಬೆನ್ನ ಹಿಂದೆ ಏನೂ ಮಾಡಲಿಲ್ಲ. ಸಂಸತ್ತಿನಲ್ಲಿ 188 ಪರ, 8 ವಿರೋಧ. 2023ರ ಏಪ್ರಿಲ್ 4ರಂದು ಫಿನ್‌ಲ್ಯಾಂಡ್ ನ್ಯಾಟೊ ಸದಸ್ಯ ಆಯಿತು. ಸ್ವೀಡನ್ ಮುಂದಿನ ವರ್ಷ ಸೇರಿತು.

ಇದಕ್ಕೂ ಬೆಲೆ ಇದೆ. ರಷ್ಯಾದಿಂದ ಬರುತ್ತಿದ್ದ ವಿದ್ಯುತ್ ಮತ್ತು ಪೈಪ್‌ಲೈನ್ ಗ್ಯಾಸ್ 2022ರ ಮೇ ತಿಂಗಳಲ್ಲೇ ನಿಂತವು. ರಷ್ಯಾದ ರೊಸಾಟಮ್ ಕಟ್ಟಬೇಕಿದ್ದ ಅಣು ಸ್ಥಾವರದ ಗುತ್ತಿಗೆ ರದ್ದಾಯಿತು. ದಾಖಲೆ ಇಲ್ಲದ ವಲಸಿಗರನ್ನು ರಷ್ಯಾವೇ ಗಡಿಗೆ ತಳ್ಳುತ್ತಿದೆ ಎಂದು 2023ರ ಕೊನೆಯಲ್ಲಿ ಪೂರ್ವದ ರಸ್ತೆ ಗಡಿಗಳನ್ನೆಲ್ಲ ಮುಚ್ಚಿದರು. ಲಪೇನ್‌ರಾಂಟಾ, ಇಮಾತ್ರಾ ಥರದ ಊರುಗಳ ಅಂಗಡಿ ಹೋಟೆಲ್‌ಗಳು ರಷ್ಯನ್ ಗಿರಾಕಿಗಳನ್ನು ನಂಬಿಕೊಂಡಿದ್ದವು. ಅವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ.

ಕೂಟ ಸೇರಿದ್ದೇ ತಡ ಕೈಕಟ್ಟಿ ಕೂರಲಿಲ್ಲ ಅನ್ನುವುದನ್ನೂ ಗಮನಿಸಿ. ಯುದ್ಧ ಬಂದರೆ 2,80,000 ಸೈನಿಕರನ್ನು ನಿಲ್ಲಿಸುವ ವ್ಯವಸ್ಥೆ ಹಾಗೇ ಇದೆ. ದಾಳಿಯ ಹೊತ್ತಿನಲ್ಲಿ ಜನ ಸೇರಿಕೊಳ್ಳಲು ದೇಶದಲ್ಲಿ 50,000ಕ್ಕೂ ಹೆಚ್ಚು ಆಶ್ರಯತಾಣಗಳಿವೆ, ಸುಮಾರು 48 ಲಕ್ಷ ಜನಕ್ಕೆ ಸಾಕಾಗುವಷ್ಟು. ಹೆಲ್ಸಿಂಕಿಯ ಇಟಾಕೆಸ್ಕುಸ್ ಬಡಾವಣೆಯಲ್ಲಿ ಬಂಡೆ ಕೊರೆದು ಮಾಡಿದ ಈಜುಕೊಳ ಇದೆ. ದಿನಾ ಮಕ್ಕಳು ಈಜು ಕಲಿಯುವ ಜಾಗ. ಇಂಥ ಜಾಗಗಳನ್ನು 72 ಗಂಟೆಯೊಳಗೆ ಖಾಲಿ ಮಾಡಿ ಜನರನ್ನು ಒಳಗೆ ಕೂರಿಸುವಂತೆ ಸಿದ್ಧವಿರಬೇಕು ಎಂಬುದು ಅಲ್ಲಿನ ನಿಯಮ. ನ್ಯಾಟೊ ಬರುವುದಕ್ಕೆ ದಶಕಗಳ ಮುಂಚೆಯೇ ಇದೆಲ್ಲ ಇತ್ತು.

ಹಾಗಾದರೆ ಯಾರಿಗೆ ಯಾವುದು?

ಬರೀ ಘೋಷಣೆಯ ತಟಸ್ಥತೆಯನ್ನು ಭೂಗಡಿ ಹಂಚಿಕೊಂಡ ಯಾವ ಸಣ್ಣ ದೇಶಕ್ಕೂ ನಾನು ಸೂಚಿಸುವುದಿಲ್ಲ. ಯುಕ್ರೇನ್ ಅದನ್ನು ಮಾಡಿಯೇ ಇತ್ತು. 1994ರ ಬುಡಾಪೆಸ್ಟ್ ಒಡಂಬಡಿಕೆಯಲ್ಲಿ ಅಣ್ವಸ್ತ್ರ ಬಿಟ್ಟುಕೊಟ್ಟು ಗಡಿಯ ಭರವಸೆ ಪಡೆದಿತ್ತು. 2010ರಲ್ಲಿ ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲ ಎಂದು ಕಾನೂನನ್ನೇ ಮಾಡಿತ್ತು. 2014ರಲ್ಲಿ ಕ್ರೈಮಿಯಾ ಕಳೆದುಕೊಂಡಾಗ ಆ ಕಾನೂನು ಜಾರಿಯಲ್ಲಿತ್ತು. ಫಿನ್‌ಲ್ಯಾಂಡ್ ಥರ ಇರಬೇಕಿತ್ತು ಅನ್ನುವವರು ಈ ದಿನಾಂಕಗಳನ್ನು ಒಮ್ಮೆ ನೋಡಬೇಕು.

ನಾಲ್ಕನೆಯ ದಾರಿ ಬೇಕು ಅನ್ನುವವರು ಅದರ ಪೂರ್ತಿ ಬಿಲ್ಲನ್ನೂ ಮುಂದಿಡಬೇಕು. ಅದು ನಡೆದದ್ದು ಎರಡು ಯುದ್ಧಗಳ ನಂತರ, ಹತ್ತನೇ ಒಂದು ಭಾಗ ನೆಲ ಹೋದ ಮೇಲೆ, ಫಿನ್‌ಲ್ಯಾಂಡನ್ನು ನುಂಗುವುದು ಸುಲಭವಲ್ಲ ಎಂದು ಮಾಸ್ಕೊಗೆ ಮನವರಿಕೆಯಾದ ಮೇಲೆ. ಎದುರಿನವರಿಗೆ ನಿಮ್ಮ ನೆಲ ಬೇಡ, ಭದ್ರತೆಯ ಭರವಸೆ ಸಾಕು ಅನ್ನುವಂತಿದ್ದರೆ ಮಾತ್ರ ಆ ದಾರಿಗೆ ಅರ್ಥ. ನೀವು ಪ್ರತ್ಯೇಕ ದೇಶವೇ ಅಲ್ಲ ಎಂದು ಅವರು ನಂಬಿದ್ದರೆ ಎಷ್ಟು ನಯವಾಗಿ ನಡೆದುಕೊಂಡರೂ ಉಪಯೋಗವಿಲ್ಲ.

ಕೂಟದ ದಾರಿ ಉತ್ತಮ, ಸಿಕ್ಕರೆ. ಅರ್ಜಿ ಹಾಕಿದ ದಿನಕ್ಕೂ ಸದಸ್ಯತ್ವ ಸಿಗುವ ದಿನಕ್ಕೂ ನಡುವಿನ ಅವಧಿ ತೀರಾ ಅಪಾಯದ್ದು. ಫಿನ್‌ಲ್ಯಾಂಡ್ ಅದನ್ನು 11 ತಿಂಗಳೊಳಗೆ ದಾಟಿತು, ಅದೂ ರಷ್ಯಾ ಸೇನೆ ಬೇರೆ ಕಡೆ ಸಿಕ್ಕಿಬಿದ್ದಿದ್ದಾಗ. ಜಾರ್ಜಿಯಾಕ್ಕೆ 2008ರ ಏಪ್ರಿಲ್‌ನಲ್ಲಿ ನ್ಯಾಟೊ ಒಂದು ದಿನ ಸೇರಿಸಿಕೊಳ್ಳುತ್ತೇವೆ ಅಂದಿತು, ದಿನಾಂಕ ಹೇಳಲಿಲ್ಲ. ಆಗಸ್ಟ್‌ನಲ್ಲಿ ಯುದ್ಧ ಆಯಿತು.

ಇವತ್ತು ಈ ಆಯ್ಕೆಯ ಮುಂದೆ ನಿಂತಿರುವ ದೇಶಗಳಲ್ಲಿ ನಾನು ಜಾಸ್ತಿ ಗಮನಿಸುವುದು ಮಾಲ್ಡೋವಾವನ್ನು. 1994ರ ಸಂವಿಧಾನದಲ್ಲೇ ಅದು ತಟಸ್ಥ, ಆದರೂ ಅದರ ಹಿಡಿತ ತಪ್ಪಿ ಪ್ರತ್ಯೇಕವಾಗಿರುವ ಪೂರ್ವದ ಪ್ರದೇಶ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯನ್ ಸೈನಿಕರು ಇದ್ದಾರೆ. 2022ರಿಂದ ಅದು ಯುರೋಪಿಯನ್ ಒಕ್ಕೂಟದ ಅಭ್ಯರ್ಥಿ ದೇಶ. ನ್ಯಾಟೊ ಮಾತು ಎತ್ತದೆ ಮೊದಲು ಯುರೋಪಿಯನ್ ಒಕ್ಕೂಟಕ್ಕೆ ಸೇರುವುದು, ಅಂದರೆ ಫಿನ್‌ಲ್ಯಾಂಡ್ 1995ರಲ್ಲಿ ಮಾಡಿದ್ದು, ಅದಕ್ಕೆ ಸರಿಹೊಂದುವ ದಾರಿ ಅನ್ನುವುದು ನನ್ನ ಅಭಿಪ್ರಾಯ. ಫಿನ್‌ಲ್ಯಾಂಡ್‌ಗೆ ಆಗ ಇದ್ದ ಸೇನೆ ಮಾಲ್ಡೋವಾಕ್ಕೆ ಇಲ್ಲ. ಆ ಕೊರತೆ ತುಂಬುವ ಕೆಲಸವನ್ನು ಸದಸ್ಯತ್ವ ಬರುವ ತನಕ ಮುಂದಕ್ಕೆ ಹಾಕಬಾರದು.